ಅಜೈಲ್ ಕಲಿಯಲು ಮೊದಲು ಸರ್ಟಿಫಿಕೇಟ್ ಮಾಡಬೇಕಾ?

ನಾಲ್ಕು ವರ್ಷದಿಂದ ಟೆಸ್ಟಿಂಗ್‌ನಲ್ಲಿದ್ದೀರಿ, ಈಗ ಪ್ರಾಜೆಕ್ಟ್ ಮ್ಯಾನೇಜ್‌ಮೆಂಟ್ ಕಡೆ ಬರುವ ಆಸೆ. ಅಜೈಲ್, ಅಂದರೆ ಕೆಲಸವನ್ನು ಸಣ್ಣ ತುಂಡು ಮಾಡಿ ಆಗಾಗ ಗ್ರಾಹಕರಿಗೆ ತೋರಿಸಿ ತಿದ್ದಿಕೊಳ್ಳುತ್ತಾ ಹೋಗುವ ರೀತಿ, ಎಲ್ಲಿಂದ ಶುರು ಮಾಡಲಿ, ಮೊದಲು ಸರ್ಟಿಫಿಕೇಟ್ ತೆಗೆದುಕೊಳ್ಳಲಾ ಅಂತ ಕೇಳಿದ್ದೀರಿ. ಸರ್ಟಿಫಿಕೇಟ್ ಆಮೇಲೆ ಮಾಡಿ. ಮೊದಲು, ಒಂದೊಂದು ಕೆಲಸಕ್ಕೂ ಒಂದು ಕಾರ್ಡ್ ಮಾಡಿ ಹಂತಕ್ಕೊಂದು ಕಾಲಮ್‌ನಲ್ಲಿ ಇಟ್ಟಿರುವ ನಿಮ್ಮ ತಂಡದ ಬೋರ್ಡ್ ಮುಂದೆ ನಿಂತು, ಯಾವ ಕೆಲಸ ಎಲ್ಲಿ ಸಿಕ್ಕಿಕೊಂಡಿದೆ ಅಂತ ನೋಡುವುದನ್ನು ಕಲಿಯಿರಿ.

ಓದಬೇಕಾದದ್ದು ಜಾಸ್ತಿ ಇಲ್ಲ. 2001ರ ಫೆಬ್ರವರಿಯಲ್ಲಿ ಅಮೆರಿಕದ ಯೂಟಾದಲ್ಲಿ 17 ಜನ ಸೇರಿ ಬರೆದ ಅಜೈಲ್ ಮ್ಯಾನಿಫೆಸ್ಟೋದಲ್ಲಿ ಇರುವುದು 4 ಮೌಲ್ಯ, 12 ತತ್ವ. ಕೆನ್ ಶ್ವೇಬರ್ ಮತ್ತು ಜೆಫ್ ಸದರ್‌ಲ್ಯಾಂಡ್ ಬರೆದ ಸ್ಕ್ರಮ್ ಗೈಡ್ (ಸ್ಕ್ರಮ್ ಅಂದರೆ ಅಜೈಲ್ ಆಗಿ ಕೆಲಸ ಮಾಡುವ ಒಂದು ವಿಧಾನ) ಕೂಡ ಇಪ್ಪತ್ತು ಪುಟ ದಾಟುವುದಿಲ್ಲ, ನೆಟ್‌ನಲ್ಲಿ ಉಚಿತವಾಗಿ ಸಿಗುತ್ತದೆ. 2020ರ ಆವೃತ್ತಿಯನ್ನೇ ಓದಿ. ಎರಡಕ್ಕೂ ಒಂದು ಸಂಜೆ ಸಾಕು.

ನನ್ನ ಮೊದಲ ತಂಡದಲ್ಲಿ ನಾವು ಆರು ಜನ. ಎರಡು ವಾರದ ಸ್ಪ್ರಿಂಟ್ (ಇಷ್ಟು ಕೆಲಸ ಮುಗಿಸೋಣ ಅಂತ ಇಟ್ಟುಕೊಂಡ ಅವಧಿ), ದಿನಾ ತಂಡವೆಲ್ಲ ಸೇರುವ 15 ನಿಮಿಷದ ಸ್ಟ್ಯಾಂಡ್‌ಅಪ್, ಎಲ್ಲವೂ ಇತ್ತು. ಆದರೆ ಎಲ್ಲರೂ ಮ್ಯಾನೇಜರ್ ಕಡೆ ಮುಖ ಮಾಡಿ, ನಿನ್ನೆ ಇದು ಮಾಡಿದೆ, ಇವತ್ತು ಇದು ಮಾಡ್ತೀನಿ ಅಂತ ಒಪ್ಪಿಸಿ ಹೋಗುತ್ತಿದ್ದೆವು. ಆಗ ‘ಪಾಸ್‌ವರ್ಡ್ ರೀಸೆಟ್’ ಅನ್ನುವ ಒಂದು ಕಾರ್ಡ್ ಟೆಸ್ಟಿಂಗ್ ಕಾಲಮ್‌ನಲ್ಲಿ ಒಂಬತ್ತು ದಿನ ಕೂತಿತ್ತು. ಕೋಡ್ ಬರೆದವರು ತಮ್ಮ ಪಾಲಿನದು ಮುಗಿಯಿತು ಅಂದುಕೊಂಡಿದ್ದರು. ಟೆಸ್ಟರ್ ಡೇಟಾಗಾಗಿ ಕಾಯುತ್ತಿದ್ದರು. ಆ ಕಾರ್ಡ್ ಬಗ್ಗೆ ಯಾರೂ ಕೇಳಲಿಲ್ಲ, ನಾನೂ ಕೇಳಲಿಲ್ಲ. ಕೊನೆಗೆ, ಸ್ಪ್ರಿಂಟ್‌ನಲ್ಲಿ ಮಾಡಿದ ಕೆಲಸ ತೋರಿಸುವ ರಿವ್ಯೂನಲ್ಲಿ ಗ್ರಾಹಕರು ನೋಡಿ, “ಮೇಲ್‌ಗೆ ಲಿಂಕ್ ಕಳಿಸಿದರೆ ನಮ್ಮ ಬಳಕೆದಾರರಿಗೆ ಆಗಲ್ಲ, ಮೊಬೈಲ್‌ಗೆ ಓಟಿಪಿ ಹೋಗಬೇಕು” ಅಂದರು. ಈ ಮಾತು ಒಂಬತ್ತು ದಿನ ಮೊದಲೇ ನಮಗೆ ಗೊತ್ತಾಗಬಹುದಿತ್ತು, ಅಲ್ವಾ?

ಆಮೇಲೆ ರೆಟ್ರೋದಲ್ಲಿ, ಅಂದರೆ ಕೆಲಸ ಮಾಡುವ ರೀತಿಯಲ್ಲಿ ಏನು ಸರಿಪಡಿಸಬೇಕು ಅಂತ ತಂಡ ಕೂತು ಮಾತಾಡುವ ಸಭೆಯಲ್ಲಿ, ಎರಡು ಬದಲಾವಣೆ ಮಾಡಿಕೊಂಡೆವು. ಒಂದು, ನಡೆಯುತ್ತಿರುವ ಕೆಲಸ ಒಟ್ಟು ನಾಲ್ಕು ಕಾರ್ಡ್ ಮೀರಬಾರದು. ಇದನ್ನು ಕಾನ್‌ಬಾನ್ ಅನ್ನುವ ಇನ್ನೊಂದು ವಿಧಾನದಲ್ಲಿ ವಿಪ್ (ವರ್ಕ್ ಇನ್ ಪ್ರೋಗ್ರೆಸ್) ಲಿಮಿಟ್ ಅನ್ನುತ್ತಾರೆ. ಎರಡು, ಸ್ಟ್ಯಾಂಡ್‌ಅಪ್‌ನಲ್ಲಿ ಒಬ್ಬೊಬ್ಬರನ್ನೇ ಕೇಳುವುದು ಬಿಟ್ಟು, ಬೋರ್ಡಿನ ಬಲಗಡೆಯಿಂದ, ಅಂದರೆ ಮುಗಿಯುವ ಹಂತದ ಕಡೆಯಿಂದ, ಒಂದೊಂದೇ ಕಾರ್ಡ್ ಹಿಡಿದು “ಇದು ಮುಗಿಯಲು ಏನು ಬೇಕು?” ಅಂತ ಕೇಳುವುದು. ಮೊದಲ ವಾರ ಕಷ್ಟವಾಯಿತು. ಹೊಸ ಕಾರ್ಡ್ ಎತ್ತಿಕೊಳ್ಳುವ ಹಾಗಿಲ್ಲ, ಸುಮ್ನೆ ಕೂತರೆ ಮುಜುಗರ. ಆಮೇಲೆ ಡೆವಲಪರ್ ಒಬ್ಬರು ತಾವಾಗಿಯೇ ಎದ್ದು ಹೋಗಿ ಟೆಸ್ಟರ್ ಪಕ್ಕ ಕೂತು ಡೇಟಾ ಮಾಡಿಕೊಟ್ಟರು. ನನಗೆ ಅಜೈಲ್ ಅರ್ಥವಾಗಿದ್ದು ಆ ದಿನ.

ನೀವು ಟೆಸ್ಟರ್ ಆಗಿರುವುದು ಇಲ್ಲಿ ದೊಡ್ಡ ಬಲ. ‘ಮುಗಿಯಿತು’ ಅಂದರೆ ಏನು ಅನ್ನುವುದು ನಿಮಗಿಂತ ಚೆನ್ನಾಗಿ ಯಾರಿಗೆ ಗೊತ್ತು? ತಂಡದ ಜೊತೆ ಕೂತು ಡೆಫಿನಿಷನ್ ಆಫ್ ಡನ್, ಅಂದರೆ ಕೆಲಸ ಮುಗಿಯಿತು ಅನ್ನಲು ಏನೇನು ಆಗಿರಬೇಕು ಅನ್ನುವ ಪಟ್ಟಿ, ಬರೆಯಿರಿ. ನಾಲ್ಕೈದು ಸಾಲು ಸಾಕು.

ಇನ್ನೊಂದು ವಿಷಯ. ಸ್ಕ್ರಮ್‌ನಲ್ಲಿ ಪ್ರಾಜೆಕ್ಟ್ ಮ್ಯಾನೇಜರ್ ಅನ್ನುವ ಪಾತ್ರವೇ ಇಲ್ಲ. ಇರುವುದು ಪ್ರಾಡಕ್ಟ್ ಓನರ್ (ಯಾವ ಕೆಲಸ ಮೊದಲು ಅಂತ ನಿರ್ಧರಿಸುವವರು), ಸ್ಕ್ರಮ್ ಮಾಸ್ಟರ್ (ತಂಡ ಸ್ಕ್ರಮ್ ಸರಿಯಾಗಿ ನಡೆಸಲು ನೆರವಾಗುವವರು), ಡೆವಲಪರ್‌ಗಳು. ಹಾಗಂತ ಬಜೆಟ್, ಕರಾರು, ರಿಸ್ಕ್, ಬೇರೆ ತಂಡಗಳ ಮೇಲಿನ ಅವಲಂಬನೆ ಇವೆಲ್ಲ ಮಾಯವಾಗುವುದಿಲ್ಲ. ಇವನ್ನು ಅನುಭವ ಇರುವ ಮ್ಯಾನೇಜರ್ ಒಬ್ಬರ ಜೊತೆ ಇದ್ದೇ ಕಲಿಯಬೇಕು. ಅವರ ರಿಸ್ಕ್ ಪಟ್ಟಿ ನೋಡಲು ಕೇಳಿ.

ಇದಾದ ಮೇಲೆ ಸರ್ಟಿಫಿಕೇಟ್ ಬೇಕು ಅನಿಸಿದರೆ, ಸ್ಕ್ರಮ್ ಮಾಸ್ಟರ್‌ಗೆ ಎರಡು ಇವೆ: ಪಿಎಸ್‌ಎಂ 1 (ಪ್ರೊಫೆಷನಲ್ ಸ್ಕ್ರಮ್ ಮಾಸ್ಟರ್) ಮತ್ತು ಸಿಎಸ್‌ಎಂ (ಸರ್ಟಿಫೈಡ್ ಸ್ಕ್ರಮ್ ಮಾಸ್ಟರ್). ಪಿಎಸ್‌ಎಂ 1ಕ್ಕೆ ಕೋರ್ಸ್ ಕಡ್ಡಾಯವಲ್ಲ. 60 ನಿಮಿಷ, 80 ಪ್ರಶ್ನೆ, ಪಾಸಾಗಲು ಶೇ. 85 ಬೇಕು. ಸಿಎಸ್‌ಎಂಗೆ ಮೊದಲು ತರಬೇತಿ ಮುಗಿಸಲೇಬೇಕು, ಹಾಗಾಗಿ ಖರ್ಚೂ ಜಾಸ್ತಿ.

ಸದ್ಯಕ್ಕೆ, ಮುಂದಿನ ರೆಟ್ರೋವನ್ನು ನಾನು ನಡೆಸಲಾ ಅಂತ ನಿಮ್ಮ ಲೀಡ್ ಹತ್ತಿರ ಕೇಳಿ ನೋಡಿ. ಹೋಗುವ ಮೊದಲು, ಬೋರ್ಡಿನಲ್ಲಿ ಎಲ್ಲಕ್ಕಿಂತ ಜಾಸ್ತಿ ದಿನ ಕೂತಿರುವ ಕಾರ್ಡ್ ಯಾವುದು ಅಂತ ಬರೆದುಕೊಂಡು ಹೋಗಿ.