ಕೊಪ್ಪದ ಕಡೆ ಮಂಗನ ಕಾಯಿಲೆ ಬಂದರೆ ಆಸ್ಪತ್ರೆ ಇದೆಯಾ? ನಮ್ಮ ಮನೆಯಲ್ಲಿ ಆದದ್ದು

ನಿಮ್ಮ ಪ್ರಶ್ನೆ ಓದಿದೆ. ಬಳ್ಳಾರಿ ಕಡೆಯವರು, ಯಜಮಾನರಿಗೆ ಕೊಪ್ಪದ ಹತ್ತಿರ ಕಾಫಿ ಎಸ್ಟೇಟಿನಲ್ಲಿ ರೈಟರ್ (ಹಾಜರಿ, ಲೆಕ್ಕ ಬರೆಯುವ) ಕೆಲಸ ಸಿಕ್ಕಿದೆ, ಆರು ವರ್ಷದ ಮಗಳಿದ್ದಾಳೆ, ಮಂಗನ ಕಾಯಿಲೆ ಸುದ್ದಿ ನೋಡಿ ಹೆದರಿದ್ದೀರಿ. "ಅಲ್ಲಿ ಇದಕ್ಕೆ ಅಂತ ದೊಡ್ಡ ಆಸ್ಪತ್ರೆ ಇದೆಯಾ, ಇಲ್ಲದಿದ್ದರೆ ಬರುವುದೇ ಬೇಡವಾ?" ಅಂತ ಕೇಳಿದ್ದೀರಿ.

ಬನ್ನಿ. ಇದಕ್ಕೆ ಹೆದರಿ ಸಿಕ್ಕ ಕೆಲಸ ಬಿಡಬೇಡಿ. ನಾನು ಕೊಪ್ಪ ತಾಲ್ಲೂಕಿನವನೇ. ಡಾಕ್ಟರ್ ಅಲ್ಲ, ಒಂದಿಷ್ಟು ಅಡಿಕೆ, ಒಂದಿಷ್ಟು ಕಾಫಿ ಇರುವ ಸಣ್ಣ ಬೆಳೆಗಾರ. ಈ ಕಾಯಿಲೆ ನನ್ನ ತಮ್ಮನಿಗೆ ಬಂದು ವಾಸಿಯಾಗಿದೆ. ಆ ಒಂದು ತಿಂಗಳಲ್ಲಿ ನಾನು ನೋಡಿದ್ದು, ಡಾಕ್ಟರುಗಳನ್ನು ಕೇಳಿ ತಿಳಿದುಕೊಂಡದ್ದು, ಎರಡನ್ನೂ ಹೇಳುತ್ತೇನೆ.

2024ರ ಫೆಬ್ರವರಿ. ತಮ್ಮ ಒಂದು ಮಂಗಳವಾರ ಕೊಟ್ಟಿಗೆಗೆ ಹಾಸಲು ದರಗು ತರೋದಕ್ಕೆ ಬೆಟ್ಟಕ್ಕೆ ಹೋಗಿದ್ದ. ದರಗು ಅಂದರೆ ಕಾಡಿನಲ್ಲಿ ಉದುರಿ ಬಿದ್ದ ಒಣ ಎಲೆ. ಸಂಜೆ ಸ್ನಾನ ಮಾಡುವಾಗ ಮಂಡಿಯ ಹಿಂದೆ ಏನೋ ಕಚ್ಚಿಕೊಂಡಿದೆ ಅಂತ ನನಗೆ ತೋರಿಸಿದ. ಎಳ್ಳಿನ ಕಾಳಿಗಿಂತ ಚಿಕ್ಕದು, ಕಂದು ಬಣ್ಣ. ಉಣುಗು, ರಕ್ತ ಹೀರುವ ಹುಳ. ಮಂಗನ ಕಾಯಿಲೆ ಮುಖ್ಯವಾಗಿ ಹರಡುವುದು ಇದು ಕಚ್ಚಿಯೇ. ನಮಗೆ ಅದು ಹೊಸದಲ್ಲ, ಬೇಸಿಗೆ ಬಂದರೆ ಎಲ್ಲರಿಗೂ ಹತ್ತುತ್ತದೆ. ಕಿತ್ತು ಒಲೆಗೆ ಹಾಕಿ ಮರೆತೆವು.

ಭಾನುವಾರ ಮಧ್ಯಾಹ್ನ ಊಟಕ್ಕೆ ಕೂತವನು ಹಾಗೇ ಎದ್ದು ಹೋಗಿ ಮಲಗಿದ. ಒಂದು ಗಂಟೆಯಲ್ಲಿ ಮೈ ಕೆಂಡದ ಹಾಗೆ ಸುಡುತ್ತಿತ್ತು. ಹಣೆ ಒಡೆದು ಹೋಗುವಂಥ ತಲೆನೋವು. ಸೊಂಟ, ಮೀನಖಂಡ ಯಾರೋ ದೊಣ್ಣೆಯಲ್ಲಿ ಹೊಡೆದ ಹಾಗೆ ಅಂತ ನರಳುತ್ತಿದ್ದ. ಮಾರನೇ ದಿನ ಎರಡೂ ಕಣ್ಣು ಕೆಂಪಗಾದವು. ಒಂದು ಖಾಸಗಿ ಕ್ಲಿನಿಕ್ಕಿಗೆ ಕರೆದುಕೊಂಡು ಹೋದೆ. ವೈರಲ್ ಫೀವರ್ ಅಂದರು, ಇಂಜೆಕ್ಷನ್ ಕೊಟ್ಟರು, ಡೆಂಗ್ಯೂ ಟೆಸ್ಟ್ ಮಾಡಿಸಿದರು, ನೆಗೆಟಿವ್ ಬಂತು. ಮೂರು ದಿನ ಹಾಗೇ ಹೋಯಿತು. ಕಾಡಿಗೆ ಹೋಗಿದ್ದ ಅಂತ ನಾವೂ ಹೇಳಲಿಲ್ಲ, ಅವರೂ ಕೇಳಲಿಲ್ಲ. ಆ ಮೂರು ದಿನ ನೆನೆಸಿಕೊಂಡರೆ ಇವತ್ತಿಗೂ ಹೊಟ್ಟೆ ಉರಿಯುತ್ತದೆ.

ನಾಲ್ಕನೇ ದಿನ ನಮ್ಮೂರಿನ ಆಶಾ ಕಾರ್ಯಕರ್ತೆ ಅಕ್ಕ ಬೇರೆ ಯಾವುದೋ ಕೆಲಸಕ್ಕೆ ಮನೆಗೆ ಬಂದವರು ಜಗಲಿಯಲ್ಲೇ ನಿಂತು ಎರಡೇ ಪ್ರಶ್ನೆ ಕೇಳಿದರು. "ಬೆಟ್ಟಕ್ಕೆ ಹೋಗಿದ್ರಾ? ಆ ಕಡೆ ಎಲ್ಲಾದರೂ ಮಂಗ ಸತ್ತಿತ್ತಾ?" ಅರ್ಧ ಗಂಟೆಯಲ್ಲಿ ಅವನು ತಾಲ್ಲೂಕು ಆಸ್ಪತ್ರೆಯಲ್ಲಿದ್ದ.

ಈಗ ನಿಮ್ಮ ಪ್ರಶ್ನೆಗೆ ಬರುತ್ತೇನೆ. ಮಂಗನ ಕಾಯಿಲೆಗೆ ಅಂತಲೇ ಒಂದು ದೊಡ್ಡ ಕಟ್ಟಡ ಎಲ್ಲೂ ಇಲ್ಲ. ನಮ್ಮ ಆಸ್ಪತ್ರೆ ಮೂರು ಊರಿನಲ್ಲಿ ಹಂಚಿಕೊಂಡಿದೆ ಅಂದುಕೊಳ್ಳಿ. ಜ್ವರ ನೋಡುವುದು, ರಕ್ತ ತೆಗೆಯುವುದು, ಡ್ರಿಪ್ ಹಾಕುವುದು ಇಲ್ಲಿನ ಪಿಎಚ್‌ಸಿ (ಪ್ರಾಥಮಿಕ ಆರೋಗ್ಯ ಕೇಂದ್ರ) ಮತ್ತು ತಾಲ್ಲೂಕು ಆಸ್ಪತ್ರೆ. ರಕ್ತದ ಪರೀಕ್ಷೆ ಶಿವಮೊಗ್ಗದಲ್ಲಿ. ಕೈಮೀರುವ ಹಾಗೆ ಕಂಡರೆ ಮಣಿಪಾಲ. ಈ ಮೂರರ ನಡುವೆ ರಕ್ತದ ಮಾದರಿ ಇಟ್ಟ ಐಸ್ ಡಬ್ಬಿಯೂ ಆಂಬುಲೆನ್ಸೂ ಓಡುತ್ತವೆ. ಆದರೆ ಅವು ಹೊರಡಬೇಕಾದರೆ ಯಾರಾದರೂ "ಕಾಡಿಗೆ ಹೋಗಿದ್ದೆ" ಅಂತ ಬಾಯಿಬಿಟ್ಟು ಹೇಳಬೇಕು. ನಾನು ಇಷ್ಟುದ್ದ ಬರೆಯುತ್ತಿರುವುದೇ ಈ ಒಂದು ಮಾತಿಗೆ. ಇಲ್ಲಿ ಡೆಂಗ್ಯೂ, ಇಲಿ ಜ್ವರ, ಟೈಫಾಯ್ಡ್ ಎಲ್ಲವೂ ಇವೆ. ಮೊದಲ ದಿನ ಎಲ್ಲವೂ ಒಂದೇ ಥರ ಕಾಣುತ್ತವೆ. ನೀವು ಹೇಳದಿದ್ದರೆ ಡಾಕ್ಟರಿಗೆ ಕನಸು ಬೀಳುವುದಿಲ್ಲ.

ಶಿವಮೊಗ್ಗಕ್ಕೇ ಯಾಕೆ ಅಂತ ಅನ್ನಿಸಬಹುದು. ಕಾಯಿಲೆ ಹುಟ್ಟಿದ ಊರೇ ಆ ಜಿಲ್ಲೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಲುಸಾಲಾಗಿ ಸತ್ತವು, ಸುತ್ತಲಿನ ಹಳ್ಳಿಗಳಲ್ಲಿ ಜ್ವರ ಎದ್ದಿತು. ಆಫ್ರಿಕಾದ ಹಳದಿ ಜ್ವರ ನಮ್ಮ ದೇಶಕ್ಕೂ ಬಂತೇನೋ ಅಂತ ಮೊದಲು ಗಾಬರಿಯಾದರಂತೆ. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಬಂದು, ಸತ್ತ ಮಂಗದಿಂದ ವೈರಸ್ ಬೇರ್ಪಡಿಸಿ, ಇದು ಬೇರೆಯೇ ಅಂತ ಕಂಡುಹಿಡಿದರು. ಅದಕ್ಕೇ ಪ್ರಪಂಚದ ಪುಸ್ತಕಗಳಲ್ಲಿ ಇವತ್ತಿಗೂ ಇದರ ಹೆಸರು ಕ್ಯಾಸನೂರು ಕಾಡಿನ ಕಾಯಿಲೆ, ಆಸ್ಪತ್ರೆ ಚೀಟಿಯಲ್ಲಿ ಕೆಎಫ್‌ಡಿ. ಆ ಮೇಲೆ ಇದರ ಪರೀಕ್ಷೆಗೆ ಶಿವಮೊಗ್ಗದಲ್ಲೇ ಲ್ಯಾಬ್ ಆಯಿತು. ಈ ವೈರಸ್ ಜೊತೆ ಕೆಲಸ ಮಾಡುವುದು ಸುಲಭವಲ್ಲ. ಸಂಶೋಧನೆ ಮಾಡಿದವರಿಗೇ ಲ್ಯಾಬಿನಲ್ಲಿ ಸೋಂಕು ತಗುಲಿದ್ದುಂಟು. ಕಾಡು ಮೆಟ್ಟದೆಯೂ ಜ್ವರದಲ್ಲಿ ಮಲಗಿದ ಅವರನ್ನು ನಾನು ಆಗಾಗ ನೆನೆಯುತ್ತೇನೆ.

ಜ್ವರ ಬಂದ ಮೊದಲ ಕೆಲವು ದಿನ ರಕ್ತದಲ್ಲಿ ವೈರಸ್ ಇರುತ್ತದೆ, ಆಗ ಆರ್‌ಟಿ-ಪಿಸಿಆರ್‌ನಲ್ಲಿ ಸಿಗುತ್ತದೆ. ತಡವಾದರೆ ಬೇರೆ ಥರದ ಪರೀಕ್ಷೆ ಮಾಡಬೇಕಾಗುತ್ತದೆ. ಬೇಗ ಹೋಗಿ ಅನ್ನುವುದು ಇದಕ್ಕೂ ಹೌದು. ತಮ್ಮನದು ಪಾಸಿಟಿವ್ ಬಂತು. ಅಷ್ಟರಲ್ಲಿ ಪ್ಲೇಟ್‌ಲೆಟ್, ಅಂದರೆ ರಕ್ತ ಹೆಪ್ಪುಗಟ್ಟಿಸುವ ಕಣ, 38 ಸಾವಿರಕ್ಕೆ ಇಳಿದು ಒಸಡಿನಲ್ಲಿ ರಕ್ತ ಕಾಣಿಸಿತ್ತು. ರಾತ್ರೋರಾತ್ರಿ ಆಗುಂಬೆ ಘಾಟಿ ಇಳಿದು ಮಣಿಪಾಲ ಸೇರಿದೆವು. ಒಂದೊಂದು ತಿರುವಿನಲ್ಲೂ ಅವನ ಡ್ರಿಪ್ ಬಾಟಲಿ ಓಲಾಡುತ್ತಿತ್ತು, ನಾನು ಅದನ್ನು ಕೈಯಲ್ಲಿ ಹಿಡಿದುಕೊಂಡೇ ಕೂತಿದ್ದೆ.

ಇದಕ್ಕೆ ಅಂತ ವೈರಸ್ ಕೊಲ್ಲುವ ಔಷಧಿ ಇನ್ನೂ ಇಲ್ಲ. ಅಲ್ಲಿ ಮಾಡಿದ್ದೂ ಕಾಯುವ ಕೆಲಸವೇ. ನೀರಿನಂಶ ಇಳಿಯದ ಹಾಗೆ ಡ್ರಿಪ್, ದಿನಾ ರಕ್ತ ಪರೀಕ್ಷೆ, ಬೇಕಾದಾಗ ಪ್ಲೇಟ್‌ಲೆಟ್, ಬಿಪಿ ಮೇಲೆ ಕಣ್ಣು. ಅಷ್ಟು ಸಾಕಾ ಅಂತ ನಾನೂ ಕೇಳಿದ್ದೆ. ಅಷ್ಟನ್ನು ಸರಿಯಾದ ಹೊತ್ತಿಗೆ ಮಾಡಿದರೆ ಹೆಚ್ಚಿನವರು ಉಳಿಯುತ್ತಾರೆ. ಸಾಯುವವರು ಸಾಮಾನ್ಯವಾಗಿ ನೂರಕ್ಕೆ 3ರಿಂದ 5 ಜನ. ಚಿಕ್ಕ ಸಂಖ್ಯೆ ಅಲ್ಲ, ಆದರೆ ಊರಲ್ಲಿ ಹಬ್ಬುವ ಸುದ್ದಿಯಷ್ಟು ದೊಡ್ಡದೂ ಅಲ್ಲ. ಒಬ್ಬರಿಂದ ಒಬ್ಬರಿಗೆ ಇದು ಹರಡುವುದಿಲ್ಲ, ಹಾಗಾಗಿ ರೋಗಿಯ ಹತ್ತಿರ ಕೂರಲು ಭಯ ಬೇಡ. ನಮಗೆ ಖರ್ಚಿನ ಚಿಂತೆಯೂ ಇತ್ತು. ತಾಲ್ಲೂಕು ಆಸ್ಪತ್ರೆಯಿಂದಲೇ ಕಳಿಸಿದ್ದರಿಂದ ಬಿಲ್ಲನ್ನು ಸರ್ಕಾರವೇ ನೋಡಿಕೊಂಡಿತು. ನೀವೂ ನೇರವಾಗಿ ದೊಡ್ಡ ಆಸ್ಪತ್ರೆಗೆ ಓಡದೆ ಇಲ್ಲಿಂದ ಚೀಟಿ ಬರೆಸಿಕೊಂಡೇ ಹೋಗಿ. ಆಧಾರ್, ರೇಷನ್ ಕಾರ್ಡ್ ಎರಡೂ ಕೈಯಲ್ಲಿರಲಿ.

ಒಂಬತ್ತು ದಿನಕ್ಕೆ ಮನೆಗೆ ಬಂದ. ಮುಗಿಯಿತು ಅಂದುಕೊಂಡೆವು. ಒಂದು ಬೆಳಿಗ್ಗೆ ಅತ್ತಿಗೆ ಕಾಫಿ ಲೋಟ ಕೈಗೆ ಕೊಟ್ಟರು. ಅದು ಬಾಯಿಗೆ ಹೋಗುವ ಮೊದಲೇ ಅರ್ಧ ಲುಂಗಿಯ ಮೇಲೆ ಚೆಲ್ಲಿತು. ಕೈ ನಡುಗುತ್ತಿತ್ತು. ಅವನೇ ತನ್ನ ಕೈಯನ್ನು ಬೇರೆಯವರ ಕೈ ನೋಡುವ ಹಾಗೆ ನೋಡುತ್ತಿದ್ದ. ಮತ್ತೆ ಜ್ವರ, ಮತ್ತೆ ತಲೆನೋವು. ಈ ಕಾಯಿಲೆಗೆ ಎರಡನೇ ಸುತ್ತು ಇದೆ. ನೂರರಲ್ಲಿ 10ರಿಂದ 20 ಜನಕ್ಕೆ ಮೂರನೇ ವಾರದ ಹೊತ್ತಿಗೆ ತಿರುಗಿ ಬಂದು ನರಗಳಿಗೆ, ಮಿದುಳಿಗೆ ತೊಂದರೆ ಕೊಡುತ್ತದೆ. ಮಣಿಪಾಲದಲ್ಲಿ ಮೊದಲೇ ಹೇಳಿ ಕಳಿಸಿದ್ದರು, ಹಾಗಾಗಿ ತಕ್ಷಣ ಹೊರಟೆವು. ಈಗ ಅವನು ಮರ ಹತ್ತುವಷ್ಟು ಗಟ್ಟಿಯಾಗಿದ್ದಾನೆ.

ಲಸಿಕೆ ಬಗ್ಗೆ ನಿಮಗೆ ಯಾರಾದರೂ ಹೇಳಿರಬಹುದು. ಮೊದಲು ಇತ್ತು, 1990ರಿಂದ ನಮ್ಮೂರಲ್ಲೆಲ್ಲ ಹಾಕುತ್ತಿದ್ದರು. 2005ರಿಂದ 2010ರವರೆಗಿನ ಲೆಕ್ಕ ತೆಗೆದು ನೋಡಿದಾಗ ಎರಡು ಡೋಸ್ ಹಾಕಿಸಿಕೊಂಡವರಲ್ಲಿ ಶೇ 62ರಷ್ಟು, ಬೂಸ್ಟರ್ ಕೂಡ ಹಾಕಿಸಿಕೊಂಡವರಲ್ಲಿ ಶೇ 83ರಷ್ಟು ರಕ್ಷಣೆ ಸಿಕ್ಕಿತ್ತು. ಆ ಸೂಜಿ ಬಹಳ ನೋಯುತ್ತಿತ್ತು, ಮತ್ತೆ ಮತ್ತೆ ಹಾಕಿಸಬೇಕಿತ್ತು, ಜನ ತಪ್ಪಿಸಿಕೊಳ್ಳುತ್ತಿದ್ದರು. ಕೊನೆಗೆ ಅದರ ಶಕ್ತಿಯೇ ಸಾಲದು ಅಂತ 2022ರಲ್ಲಿ ನಿಲ್ಲಿಸಿದರು. ಈಗ ಐಸಿಎಂಆರ್ (ಕೇಂದ್ರ ಸರ್ಕಾರದ ವೈದ್ಯಕೀಯ ಸಂಶೋಧನಾ ಮಂಡಳಿ) ಮತ್ತು ಹೈದರಾಬಾದಿನ ಇಂಡಿಯನ್ ಇಮ್ಯುನಾಲಜಿಕಲ್ಸ್ ಸೇರಿ ಮಾಡುತ್ತಿರುವ ಹೊಸ ಲಸಿಕೆ ಪ್ರಯೋಗದ ಹಂತದಲ್ಲಿದೆ. ನಾವು ಮಲೆನಾಡಿನವರು ಅದನ್ನು ಮಳೆ ಕಾದ ಹಾಗೆ ಕಾಯುತ್ತಿದ್ದೇವೆ. ಅರವತ್ತು ವರ್ಷ ಮೀರಿದ ಕಾಯಿಲೆಗೆ ಒಂದು ಒಳ್ಳೆಯ ಲಸಿಕೆ ಇಲ್ಲ ಅಂದರೆ, ಸಾಯುವವರು ಸೊಪ್ಪು ತರುವವರು, ಕಾಫಿ ಕೊಯ್ಯುವವರು ಅಂತ ತಾನೇ? ನನಗೆ ಹಾಗೆ ಅನ್ನಿಸುತ್ತದೆ.

ಅದು ಬರುವ ತನಕ ನಮ್ಮ ಕೈಯಲ್ಲಿರುವುದು ಎಣ್ಣೆ. ಉಣುಗು ಹತ್ತದ ಹಾಗೆ ಹಚ್ಚುವ ಡೇಪಾ ಎಣ್ಣೆ ಅಂತ ಆಶಾದವರು ಪುಕ್ಕಟೆ ಕೊಡುತ್ತಾರೆ. ಯಜಮಾನರು ತೋಟಕ್ಕೆ ಇಳಿಯುವ ಮೊದಲು ಕೈಕಾಲಿಗೆ ಹಚ್ಚಿಕೊಳ್ಳಲಿ, ತುಂಬುತೋಳಿನ ಅಂಗಿ ಹಾಕಲಿ, ಬಂದ ಮೇಲೆ ಬಿಸಿನೀರು ಸೋಪಿನಲ್ಲಿ ಸ್ನಾನ, ಬಟ್ಟೆಯೂ ಬಿಸಿನೀರಿಗೆ. ಕಾಯಿಲೆ ಜಾಸ್ತಿ ಕಾಣುವುದು ಡಿಸೆಂಬರಿನಿಂದ ಮೇ ತನಕ, ಮರಿ ಉಣುಗು ಏಳುವ ಕಾಲ. ಕಾಫಿ ಕೊಯ್ಲೂ ಆಗಲೇ ಬರುತ್ತದೆ. ಸತ್ತ ಮಂಗ ಕಂಡರೆ ಹತ್ತಿರ ಹೋಗಬೇಡಿ, ಪಿಎಚ್‌ಸಿಗೆ ಫೋನ್ ಮಾಡಿ. ಹೆಣದಿಂದ ಇಳಿದ ಉಣುಗು ಅಲ್ಲೇ ದರಗಿನಲ್ಲಿ ಕಾಯುತ್ತಿರುತ್ತದೆ. ಇಲಾಖೆಯವರು ಬಂದು ಹೆಣ ಸುಟ್ಟು ಸುತ್ತ ಉಣುಗು ಸಾಯುವ ಪುಡಿ ಹೊಡೆಯುತ್ತಾರೆ. ಮಗಳನ್ನು ಒಣ ಎಲೆ ಇರುವಲ್ಲಿ ಆಡಲು ಬಿಡಬೇಡಿ, ರಾತ್ರಿ ಮಲಗಿಸುವ ಮೊದಲು ಕಿವಿ ಹಿಂದೆ, ಕಂಕುಳು, ಮಂಡಿ ಹಿಂದೆ ಒಮ್ಮೆ ನೋಡಿ. ಜ್ವರ ಬಂದರೆ ಪ್ಯಾರಾಸಿಟಮಾಲ್ ಬಿಟ್ಟು ಬೇರೆ ನೋವಿನ ಮಾತ್ರೆ ಅಂಗಡಿಯಿಂದ ತಂದು ನುಂಗಬೇಡಿ, ರಕ್ತಸ್ರಾವ ಜಾಸ್ತಿ ಮಾಡುವ ಮಾತ್ರೆಗಳಿವೆ.

ಇನ್ನೊಂದು ಮಾತು, ಯಜಮಾನರು ರೈಟರ್ ಆಗುವುದರಿಂದ. ಎಸ್ಟೇಟಿನ ಕೂಲಿಯವರು ಇರುವ ಲೈನ್ ಮನೆಗಳಿಗೆ ಕೊಯ್ಲಿಗೆ ಅಂತ ಹೊರಗಿನಿಂದ ತುಂಬಾ ಜನ ಬರುತ್ತಾರೆ. ಅವರಿಗೆ ಉಣುಗು ಏನು ಅಂತಲೇ ಗೊತ್ತಿರುವುದಿಲ್ಲ. ಜ್ವರ ಬಂದರೆ ಕೂಲಿ ತಪ್ಪುತ್ತದೆ ಅಂತ ಮಾತ್ರೆ ನುಂಗಿ ಕೆಲಸಕ್ಕೆ ಹೋಗುತ್ತಾರೆ. ದಿನಾ ಹಾಜರಿ ಹಾಕುವವರೇ ನಿಮ್ಮ ಯಜಮಾನರು, ಯಾರು ಬಂದಿಲ್ಲ ಅಂತ ಮೊದಲು ಗೊತ್ತಾಗುವುದು ಅವರಿಗೆ. ಬಾರದವರ ಮನೆಗೆ ಒಮ್ಮೆ ಹೋಗಿ ಹಣೆ ಮುಟ್ಟಿ ನೋಡಲು ಹೇಳಿ.

ನೀವು ಇರುವ ಎಸ್ಟೇಟ್ ಯಾವ ಊರಿನ ಹತ್ತಿರ ಅಂತ ಇಲ್ಲೇ ಕೆಳಗೆ ಬರೆಯಿರಿ. ನಿಮಗೆ ಯಾವ ಪಿಎಚ್‌ಸಿ ಹತ್ತಿರ, ಯಾವ ದಾರಿ, ಹೇಳುತ್ತೇನೆ.