ಫ್ಲೋರಿಡಾದ ಎಪಿ ಬೋನಸ್: ಟೀಚರ್ ಮೇಲೆ ಅನುಮಾನ ಬೇಡ

ಮಗಳನ್ನು ಎಪಿ (ಅಡ್ವಾನ್ಸ್ಡ್ ಪ್ಲೇಸ್‌ಮೆಂಟ್, ಅಂದರೆ ಹೈಸ್ಕೂಲಿನಲ್ಲೇ ಕಲಿಸುವ ಕಾಲೇಜು ಮಟ್ಟದ) ಕೋರ್ಸಿಗೆ ಸೇರಿಸಿ ಅಂತ ಟೀಚರ್ ಒತ್ತಾಯ ಮಾಡುತ್ತಿರುವುದು ಬೋನಸ್ ಆಸೆಗಾ ಅಂತ ಕೇಳಿದ್ದೀರಿ. ನನಗೆ ಹಾಗನ್ನಿಸುವುದಿಲ್ಲ. ಫ್ಲೋರಿಡಾ ಕಾನೂನಿನಲ್ಲಿ ಎಪಿ ಪರೀಕ್ಷೆಯಲ್ಲಿ 5ಕ್ಕೆ 3 ಅಥವಾ ಜಾಸ್ತಿ ಅಂಕ ಪಡೆದ ಪ್ರತಿ ವಿದ್ಯಾರ್ಥಿಯ ಲೆಕ್ಕಕ್ಕೆ ಟೀಚರಿಗೆ ಇಟ್ಟಿದ್ದು 50 ಡಾಲರ್. ಮಕ್ಕಳು ಸುಮ್ನೆ ಪರೀಕ್ಷೆಗೆ ಕೂತರೆ ಏನೂ ಇಲ್ಲ. ವರ್ಷವಿಡೀ ಕಲಿಸುವ ಶ್ರಮಕ್ಕೆ ಅದು ದೊಡ್ಡ ದುಡ್ಡಲ್ಲ, ಅಲ್ವಾ?

ಶಾಲೆಯ ಲೆಕ್ಕ ಬೇರೆ. ಅಂಥ ಒಂದೊಂದು ಫಲಿತಾಂಶವನ್ನೂ 0.16 ಹೆಚ್ಚುವರಿ ವಿದ್ಯಾರ್ಥಿ ಎಂದು ಎಣಿಸಿ ಅನುದಾನ ಕೊಡುವ ಪದ್ಧತಿ ಅಲ್ಲಿ ಬಹಳ ವರ್ಷ ನಡೆದಿದೆ. ನನ್ನ ಚಿಂತೆ ಇದೇ: 3ರ ಅಂಚಿನಲ್ಲಿರುವ ಮಕ್ಕಳ ಮೇಲೇ ಗಮನವೆಲ್ಲ ಹೋಗಿ, ತೀರಾ ಹಿಂದಿರುವವರು ಮೂಲೆ ಸೇರಬಾರದು.

ಮಗಳಿಗೆ ವಿಷಯ ಇಷ್ಟವಿದ್ದರೆ ಸೇರಿಸಿ. ಹೋದ ವರ್ಷ ಎಷ್ಟು ಮಕ್ಕಳು ಬರೆದರು, ಎಷ್ಟು ಜನಕ್ಕೆ 3 ಬಂತು ಅಂತ ಟೀಚರನ್ನೇ ಕೇಳಿ.