ಜಪಾನಿ ಔತಣಕ್ಕೆ ಹೋಗುವ ಮುನ್ನ

ಪ್ರಶ್ನೆ: ಟೋಕಿಯೋದಲ್ಲಿರುವ ಮಗ ನಮ್ಮನ್ನು ಕೈಸೆಕಿ ಊಟಕ್ಕೆ ಕರೆದೊಯ್ಯುತ್ತಾನಂತೆ. ನಾವು ಸಸ್ಯಾಹಾರಿಗಳು, ತರಕಾರಿಯ ಅಡುಗೆಗಳನ್ನಷ್ಟೇ ಆರಿಸಿಕೊಂಡರೆ ಸಾಕೇ?
– ಓದುಗರೊಬ್ಬರು, ತೀರ್ಥಹಳ್ಳಿ

ಉತ್ತರ: ಸಾಲದು. ಅಲ್ಲಿ ಋತುವಿಗೆ ತಕ್ಕಂತೆ ಬಾಣಸಿಗರೇ ನಿಶ್ಚಯಿಸಿದ ಅಡುಗೆಗಳು ಒಂದಾದ ಮೇಲೊಂದು ಬರುತ್ತವೆ. ನಮ್ಮ ಸಾರಿಗೆ ಬೇಳೆಕಟ್ಟು ಹೇಗೋ ಹಾಗೆ ಅವರ ಅಡುಗೆಗೆ ತಳಹದಿಯಾದ ‘ದಾಶಿ’ಯನ್ನು ಸಾಮಾನ್ಯವಾಗಿ ಕೊಂಬು ಎಂಬ ಕಡಲಪಾಚಿಯ ಜೊತೆಗೆ, ಹೊಗೆಯಲ್ಲಿ ಒಣಗಿಸಿ ತೆಳುವಾಗಿ ಹೆರೆದ ಬೊನಿಟೊ ಮೀನಿನಿಂದ ತಯಾರಿಸುವುದರಿಂದ, ಬೇಯಿಸಿದ ಮೂಲಂಗಿಯ ಹೋಳಿನಲ್ಲಿಯೂ ಮೀನಿನ ಸಾರ ಸೇರಿರುತ್ತದೆ. ಸ್ಥಳ ಕಾಯ್ದಿರಿಸುವಾಗಲೇ ಮಗನಿಂದ ಇದನ್ನು ಸ್ಪಷ್ಟವಾಗಿ ಹೇಳಿಸಿ, ಕೊಂಬು ಮತ್ತು ಶಿಟಾಕೆ ಅಣಬೆಯ ದಾಶಿ ಮಾಡುವರೇ ಎಂದು ವಿಚಾರಿಸಿ. ಆಗದೆಂದರೆ, ಬೌದ್ಧ ಮಠಗಳ ಸಸ್ಯಾಹಾರಿ ಅಡುಗೆಯಾದ ‘ಶೋಜಿನ್ ರ್ಯೋರಿ’ ಬಡಿಸುವಲ್ಲಿಗೆ ಹೋಗುವುದೇ ಮೇಲೆಂದು ನನ್ನ ಅಭಿಪ್ರಾಯ. ಸಂಪ್ರದಾಯದಂತೆ ಅದರಲ್ಲಿ ಈರುಳ್ಳಿ, ಬೆಳ್ಳುಳ್ಳಿಯೂ ಇರುವುದಿಲ್ಲ. ಮಳೆಗಾಲದಲ್ಲಿ ಕಳಲೆ ಉಂಡು ಬೆಳೆದ ನಿಮಗೆ ಅಲ್ಲಿನ ವಸಂತದ ಬಿದಿರಿನ ಮೊಳಕೆ ಖಂಡಿತ ರುಚಿಸೀತು.